ಅಂಚು ಮತ್ತು ಅನುಬಂಧ: ಜಪಾನಿನಲ್ಲಿ ನೆಲೆಸುವವರ ‘ನಾನು’

ಹುಟ್ಟಿದ ನೆಲವನ್ನು ಬಿಟ್ಟು ಬೇರೊಂದು ಸಮಾಜದಲ್ಲಿ ದುಡಿದು ಬಾಳಲು ಹೊರಟವರನ್ನು ಮೊದಲು ಕಾಡುವುದು ವೀಸಾ, ಸಂಬಳ, ಬಾಡಿಗೆ ಮನೆ, ಭಾಷೆಗಳಂತಹ ಲೌಕಿಕ ಚಿಂತೆಗಳೇ ಆದರೂ, ಅವೆಲ್ಲ ಒಂದು ಹದಕ್ಕೆ ಬಂದ ಮೇಲೆ ತಲೆಯೆತ್ತುವ ಪ್ರಶ್ನೆ ಬೇರೆ ಬಗೆಯದು. ಊರು, ನುಡಿ, ಬಂಧುಬಳಗ, ಹಬ್ಬಹರಿದಿನಗಳೆಲ್ಲ ಸೇರಿ ಕಟ್ಟಿಕೊಟ್ಟ ‘ನಾನು’ ಎಂಬುದು ಅವುಗಳಿಂದ ದೂರ ಸರಿದಾಗ ಅದರಲ್ಲಿ ಉಳಿಯುವುದೇನು, ಹೊಸ ನೆಲ ಅದಕ್ಕೆ ಕೊಡುವ ಸ್ಥಾನ ಎಂಥದು, ಆ ಸ್ಥಾನವನ್ನು ಪಡೆಯಲು ಮನುಷ್ಯ ತನ್ನನ್ನು ಎಷ್ಟರ ಮಟ್ಟಿಗೆ ಬಿಟ್ಟುಕೊಡಬೇಕು ಎಂಬವು ಸಮಾಜಶಾಸ್ತ್ರದ ಪ್ರಶ್ನೆಗಳಾಗಿರುವಷ್ಟೇ ಧರ್ಮದ ಹಾಗೂ ತತ್ತ್ವದ ಪ್ರಶ್ನೆಗಳೂ ಹೌದು. ಜಪಾನಿನಲ್ಲಿ ಈ ಪ್ರಶ್ನೆ ಇನ್ನಷ್ಟು ತೀಕ್ಷ್ಣವಾಗುತ್ತದೆ. ಏಕೆಂದರೆ ‘ನಾನು’ ಎಂಬುದಕ್ಕೆ ಸ್ವತಂತ್ರವಾದ ತಿರುಳಿಲ್ಲವೆಂದು ಬೋಧಿಸಿದ ಬೌದ್ಧಧರ್ಮ ಹದಿಮೂರು ಶತಮಾನಗಳಿಗೂ ಹೆಚ್ಚು ಕಾಲ ಅಲ್ಲಿನ ಬದುಕನ್ನು ತಿದ್ದಿ ರೂಪಿಸಿದೆ, ಹಾಗಿದ್ದೂ ‘ನಮ್ಮವರು’ ಮತ್ತು ‘ಹೊರಗಿನವರು’ ಎಂಬ ಗೆರೆ ಅಲ್ಲಿ ಮಾತುಮಾತಿನಲ್ಲೂ ಎಳೆಯಲ್ಪಡುತ್ತದೆ.

ಈ ಗೆರೆ ಜಪಾನಿಗೆ ಮಾತ್ರ ಸೇರಿದ್ದೆಂದು ಭಾವಿಸುವುದು ಸರಿಯಲ್ಲ. ಭಾರತೀಯ ಧರ್ಮಶಾಸ್ತ್ರ ಪರಂಪರೆಯಲ್ಲಿ ಬೌಧಾಯನ ಧರ್ಮಸೂತ್ರವು ಸಮುದ್ರಯಾನವನ್ನು ‘ಪತನೀಯ’ಗಳಲ್ಲಿ, ಅಂದರೆ ಮನುಷ್ಯನನ್ನು ತನ್ನ ವರ್ಣದ ಸ್ಥಾನದಿಂದ ಕೆಳಗೆ ಬೀಳಿಸುವ ಕೃತ್ಯಗಳಲ್ಲಿ ಎಣಿಸಿತು; ಕಡಲು ದಾಟಿ ಬಂದವರು ಪ್ರಾಯಶ್ಚಿತ್ತ ಮಾಡಿಕೊಂಡು ಪಂಕ್ತಿಗೆ ಮರಳಬೇಕಾದ ಕಟ್ಟುಪಾಡು ಇಪ್ಪತ್ತನೆಯ ಶತಮಾನದ ಆರಂಭದವರೆಗೂ ಹಲವು ಸಮುದಾಯಗಳಲ್ಲಿ ಉಸಿರಾಡುತ್ತಿತ್ತು. ಜಪಾನಿನಲ್ಲಿ ತೊಕುಗಾವಾ ಆಡಳಿತವು 1635ರ ಆಜ್ಞೆಯ ಮೂಲಕ ಪ್ರಜೆಗಳು ಪರದೇಶಕ್ಕೆ ಹೋಗುವುದನ್ನೂ, ಹೋದವರು ಮರಳುವುದನ್ನೂ ಮರಣದಂಡನೆಗೆ ಅರ್ಹವಾದ ಅಪರಾಧವನ್ನಾಗಿಸಿತು, ಆ ನಿಷೇಧ 1866ರವರೆಗೂ ನಿಂತಿತು. ಒಂದು ಕಡೆ ಶಾಸ್ತ್ರದ ಹೆಸರಿನಲ್ಲಿ, ಇನ್ನೊಂದು ಕಡೆ ಪ್ರಭುತ್ವದ ಹೆಸರಿನಲ್ಲಿ ಎರಡೂ ಸಮಾಜಗಳು ಹೇಳಿದ್ದು ಒಂದೇ ಮಾತು: ಮನುಷ್ಯನ ಸ್ವರೂಪ ಅವನ ನೆಲಕ್ಕೆ ಅಂಟಿಕೊಂಡಿದೆ, ನೆಲ ದಾಟಿದರೆ ಅವನು ಅವನಾಗಿ ಉಳಿಯುವುದಿಲ್ಲ.

ಇಂದು ಆ ಎರಡು ನೆಲಗಳ ನಡುವೆ ದುಡಿಮೆಗಾಗಿ ಹೋಗಿಬರುವವರ ಸಂಖ್ಯೆ ಬೆಳೆಯುತ್ತಿದೆ. ಜನಸಂಖ್ಯೆ ಇಳಿಮುಖವಾಗಿ ದುಡಿಯುವ ಕೈಗಳ ಕೊರತೆಯನ್ನು ಎದುರಿಸುತ್ತಿರುವ ಜಪಾನಿನಲ್ಲಿ 2023ರ ಕೊನೆಯ ಹೊತ್ತಿಗೆ ನೆಲೆಸಿದ್ದ ವಿದೇಶೀಯರ ಸಂಖ್ಯೆ 30 ಲಕ್ಷವನ್ನು ಮೀರಿತ್ತು. 2000ದ ಆಸುಪಾಸಿನಲ್ಲಿ ಕಂಪ್ಯೂಟರ್ ಕೆಲಸಗಳಿಗಾಗಿ ಬಂದ ಭಾರತೀಯ ಇಂಜಿನಿಯರುಗಳಿಂದ ಟೋಕಿಯೋದ ನಿಶಿ-ಕಸಾಯ್ ಪ್ರದೇಶ ಭಾರತೀಯ ಕುಟುಂಬಗಳ ಬೀಡಾಯಿತು. ಕರ್ನಾಟಕದ ಮಟ್ಟಿಗೆ ಈ ನಂಟು ಹೊಸದಲ್ಲ: 1898ರಲ್ಲಿ ಜಪಾನನ್ನು ಕಂಡುಬಂದ ಎಂ. ವಿಶ್ವೇಶ್ವರಯ್ಯನವರು ಮೈಸೂರು ಸಂಸ್ಥಾನದ ಕೈಗಾರಿಕೆ ಮತ್ತು ಶಿಕ್ಷಣದ ಕುರಿತ ತಮ್ಮ ಚಿಂತನೆಯಲ್ಲಿ ಆ ದೇಶದ ಮಾದರಿಯನ್ನು ಮತ್ತೆ ಮತ್ತೆ ಮುಂದಿಟ್ಟರು. ಒಂದು ಶತಮಾನದ ಬಳಿಕ ಬಿಡದಿಯಂತಹ ಊರುಗಳಲ್ಲಿ ಜಪಾನಿ ಕಾರ್ಖಾನೆಗಳು ತಲೆಯೆತ್ತಿದವು. ಆದರೆ ಯಂತ್ರ ಮತ್ತು ವಿಧಾನಗಳನ್ನು ತರುವುದು ಬೇರೆ, ಆ ಸಮಾಜದೊಳಗೆ ಹೋಗಿ ಬಾಳುವುದು ಬೇರೆ. ಈ ಎರಡನೆಯದರ ತಾತ್ತ್ವಿಕ ಅರ್ಥವೇನು ಎಂಬುದೇ ಇಲ್ಲಿನ ವಿಚಾರ.

ಹೊಸ್ತಿಲಿನ ಎರಡು ಬದಿ

ಜಪಾನಿ ಮನೆಯ ಬಾಗಿಲು ತೆರೆದೊಡನೆ ಸಿಗುವುದು ನೆಲಮಟ್ಟಕ್ಕಿಂತ ತಗ್ಗಾಗಿರುವ ಒಂದು ಸಣ್ಣ ಜಾಗ. ಅಲ್ಲಿ ಪಾದರಕ್ಷೆಗಳನ್ನು ಕಳಚಿ, ಅವುಗಳ ಮೂತಿ ಬಾಗಿಲ ಕಡೆಗಿರುವಂತೆ ತಿರುಗಿಸಿಟ್ಟು, ಒಂದು ಮೆಟ್ಟಿಲಷ್ಟು ಎತ್ತರದ ಒಳನೆಲಕ್ಕೆ ಕಾಲಿಡಬೇಕು. ಈ ಜಾಗದ ಹೆಸರು ‘ಗೆನ್‌ಕಾನ್’. ಇಂದು ಯಾವ ಅಪಾರ್ಟ್‌ಮೆಂಟಿನಲ್ಲೂ ಕಾಣುವ ಈ ಮೂಲೆಯ ಹೆಸರು ಮೂಲತಃ ಬೌದ್ಧ ಪರಿಭಾಷೆಗೆ ಸೇರಿದ್ದು, ‘ಗಹನವಾದ ಮಾರ್ಗಕ್ಕೆ ಪ್ರವೇಶಿಸುವ ದ್ವಾರ’ ಎಂಬ ಅರ್ಥದಲ್ಲಿ ಝೆನ್ ಮಠಗಳ ಮೂಲಕ ಮನೆಮಾತಾಯಿತು. ಝೆನ್ ಮಠಗಳ ಗೆನ್‌ಕಾನಿನಲ್ಲಿ ‘ಕಾಲಡಿಯನ್ನು ನೋಡಿಕೊ’ ಎಂಬ ಅರ್ಥದ ನಾಲ್ಕು ಚೀನೀ ಅಕ್ಷರಗಳ ಫಲಕವನ್ನು ಇಂದಿಗೂ ಕಾಣಬಹುದು. ಅದು ಚಪ್ಪಲಿಯನ್ನು ಒಪ್ಪವಾಗಿ ಬಿಡಲು ಹೇಳುವ ಸೂಚನೆಯೂ ಹೌದು, ತಾನು ನಿಂತ ನೆಲೆಯನ್ನು ತಾನೇ ಅರಿಯಬೇಕೆಂಬ ಉಪದೇಶವೂ ಹೌದು. ಹೊರಗೆ ಚಪ್ಪಲಿ ಬಿಟ್ಟು, ಹೊಸ್ತಿಲನ್ನು ತುಳಿಯದೆ ದಾಟಿ ಒಳಬರುವುದನ್ನು ಕಲಿತು ಬೆಳೆದ ಕನ್ನಡಿಗರಿಗೆ ಈ ಆಚಾರ ಅಪರಿಚಿತವೆನಿಸುವುದಿಲ್ಲ. ಅಪರಿಚಿತವೆನಿಸುವುದು ಈ ಹೊಸ್ತಿಲು ಮನೆಯನ್ನು ದಾಟಿ ಭಾಷೆಯೊಳಗೂ ಮನುಷ್ಯ ಸಂಬಂಧಗಳೊಳಗೂ ವ್ಯಾಪಿಸಿರುವ ರೀತಿ.

‘ಉಚಿ’ ಎಂದರೆ ಒಳಗು, ‘ಸೊತೊ’ ಎಂದರೆ ಹೊರಗು. ಉಚಿ ಎಂಬ ಪದಕ್ಕೆ ಮನೆ ಎಂಬ ಅರ್ಥವೂ ಇದೆ, ‘ನಾವು’ ಎಂಬ ಅರ್ಥವೂ ಇದೆ. ಗಂಡ ತನ್ನ ಹೆಂಡತಿಯನ್ನು ಹೊರಗಿನವರ ಮುಂದೆ ‘ಕನಾಯ್’, ಅಂದರೆ ‘ಮನೆಯೊಳಗಿನವಳು’ ಎನ್ನುವ ರೂಢಿ, ‘ನಮ್ಮ ಮನೆಯವರು’ ಎನ್ನುವ ಕನ್ನಡದ ರೂಢಿಯ ನೆರೆಯಲ್ಲೇ ನಿಲ್ಲುತ್ತದೆ. ಆದರೆ ಗೌರವವಾಚಕದ ವಿಷಯಕ್ಕೆ ಬಂದಾಗ ಎರಡು ಭಾಷೆಗಳ ದಾರಿ ಬೇರೆಯಾಗುತ್ತದೆ. ಕನ್ನಡದಲ್ಲಿ ತಂದೆಯ ಬಗೆಗಾಗಲಿ ಗುರುವಿನ ಬಗೆಗಾಗಲಿ ಯಾರ ಮುಂದೆ ಮಾತಾಡಿದರೂ ‘ಅವರು ಬಂದರು’ ಎಂದೇ ಹೇಳುತ್ತಾರೆ; ಗೌರವ ವ್ಯಕ್ತಿಗೆ ಅಂಟಿಕೊಂಡಿರುತ್ತದೆ. ಜಪಾನಿ ಕಚೇರಿಯಲ್ಲಿ ಇಡೀ ದಿನ ವಿಭಾಗದ ಮುಖ್ಯಸ್ಥರಿಗೆ ತಲೆಬಾಗಿ ಗೌರವ ರೂಪಗಳಲ್ಲಿ ಮಾತನಾಡುವ ನೌಕರ, ಹೊರಗಿನ ಗ್ರಾಹಕರ ಫೋನ್ ಬಂದ ಕ್ಷಣದಲ್ಲಿ ಅದೇ ಮುಖ್ಯಸ್ಥರನ್ನು ‘ಸಾನ್’ ಎಂಬ ಗೌರವ ಪ್ರತ್ಯಯವಿಲ್ಲದೆ ಬರಿಯ ಹೆಸರಿನಿಂದ ಹೇಳಬೇಕು, ಅವರ ಕ್ರಿಯೆಗಳಿಗೆ ತಗ್ಗಿನ ರೂಪಗಳನ್ನು ಬಳಸಬೇಕು. ಏಕೆಂದರೆ ಆ ಕ್ಷಣದಲ್ಲಿ ಮುಖ್ಯಸ್ಥರು ‘ಒಳಗಿನವರು’, ಗ್ರಾಹಕರು ‘ಹೊರಗಿನವರು’. ಹೀಗೆ ಹಿರಿಯರನ್ನು ಬಹುವಚನವಿಲ್ಲದೆ ಕರೆಯಬೇಕಾಗಿ ಬರುವುದು ಕನ್ನಡದ ನಾಲಿಗೆಗೆ ಮೊದಮೊದಲು ಅಪಚಾರದಂತೆ ತೋರಿದರೂ, ಅದರ ಹಿಂದೆ ಒಂದು ತತ್ತ್ವವಿದೆ: ಗೌರವವು ಯಾರೊಬ್ಬರ ಸ್ವತ್ತೂ ಅಲ್ಲ, ಅದು ಆಯಾ ಹೊತ್ತಿನ ಸಂಬಂಧದಲ್ಲಿ ಹುಟ್ಟಿ ಸಂಬಂಧ ಬದಲಾದಂತೆ ಬದಲಾಗುತ್ತದೆ.

ನೆಲೆಸಲು ಬಂದವರ ಹೆಸರಿಗೆ ಒದಗುವ ಗತಿಯೂ ಇದೇ ಪಾಠವನ್ನು ಹೇಳುತ್ತದೆ. ವಿದೇಶೀ ಹೆಸರುಗಳನ್ನು ‘ಕತಕಾನಾ’ ಎಂಬ ಲಿಪಿಯಲ್ಲಿ ಬರೆಯುವುದು ವಾಡಿಕೆ, ಆ ಲಿಪಿಯಲ್ಲಿ ಲ-ರಗಳಿಗೆ ಭೇದವಿಲ್ಲ, ಳಕಾರಕ್ಕೆ ಎಡೆಯೇ ಇಲ್ಲ. ಲೀಲಾ ಎಂಬ ಹೆಸರು ‘ರೀರಾ’ ಆಗುತ್ತದೆ, ಕಾಳಿದಾಸ ‘ಕಾರಿದಾಸ’ನಾಗುತ್ತಾನೆ, ಮನೆಯ ಬಾಡಿಗೆ ಪತ್ರದಲ್ಲೂ ಹೆಸರಿನ ಮುದ್ರೆಯಲ್ಲೂ ಆ ಹೊಸ ಹೆಸರೇ ನಿಲ್ಲುತ್ತದೆ. ತಾಯಿ ಕರೆದ ಹೆಸರು ತನ್ನ ಒಂದು ಅಕ್ಷರವನ್ನು ಗಡಿಯಲ್ಲಿ ಬಿಟ್ಟು ಬರುವುದು ಸಣ್ಣ ನೋವಲ್ಲ. ಆದರೆ ಅದೇ ಕತಕಾನಾದ ಹಿಂದೆ ಇನ್ನೊಂದು ಕಥೆ ಇದೆ. ಆ ಲಿಪಿ ಬೌದ್ಧ ಭಿಕ್ಷುಗಳು ಚೀನೀ ಗ್ರಂಥಗಳನ್ನು ಓದುವಾಗ ಅಂಚಿನಲ್ಲಿ ಗುರುತು ಹಾಕಿಕೊಳ್ಳಲು ಬಳಸಿದ ಅಕ್ಷರಭಾಗಗಳಿಂದ ಹುಟ್ಟಿತು. ಅದರ ಅಕ್ಷರಗಳನ್ನು ಜೋಡಿಸುವ ಕ್ರಮ, ಅಂದರೆ ಸ್ವರಗಳ ನಂತರ ಕ, ಸ, ತ, ನ, ಹ, ಮ, ಯ, ರ, ವ ಎಂದು ಸಾಗುವ ಸಾಲು, ‘ಸಿದ್ಧಂ’ ಎಂಬ ಭಾರತೀಯ ಲಿಪಿಯಲ್ಲಿ ಮಂತ್ರಗಳನ್ನು ಕಲಿಯುತ್ತಿದ್ದ ಭಿಕ್ಷುಗಳ ಸಂಸ್ಕೃತ ವರ್ಣಮಾಲೆಯ ಅಧ್ಯಯನದಿಂದ ರೂಪುಗೊಂಡಿತು. ಕನ್ನಡದ ಮಗು ಸ್ಲೇಟಿನ ಮೇಲೆ ತಿದ್ದುವ ಸಾಲೂ ಹೆಚ್ಚುಕಡಿಮೆ ಅದೇ. ಳಕಾರವನ್ನು ಕಳೆದುಕೊಂಡ ಹೆಸರು ಬಂದು ಕುಳಿತದ್ದು ಹಳೆಯ ನೆಂಟನ ಮನೆಯಲ್ಲೇ.

ಹೆಸರು ಬದಲಾದರೆ ಮನುಷ್ಯ ಬದಲಾಗುತ್ತಾನೆಯೇ ಎಂಬ ಪ್ರಶ್ನೆಗೆ ಬೌದ್ಧಚಿಂತನೆ ಬಹಳ ಹಿಂದೆಯೇ ಉತ್ತರಿಸಿದೆ. ಮಿಲಿಂದ ರಾಜನಿಗೂ ಭಿಕ್ಷು ನಾಗಸೇನನಿಗೂ ನಡೆದ ಪ್ರಸಿದ್ಧ ಸಂವಾದದಲ್ಲಿ, ರಥ ಎಂಬುದು ಗಾಲಿ, ಅಚ್ಚು, ನೊಗಗಳ ಕೂಡಿಕೆಗೆ ಇಟ್ಟ ವ್ಯವಹಾರದ ಹೆಸರಾಗಿರುವಂತೆ ನಾಗಸೇನ ಎಂಬುದೂ ಒಂದು ವ್ಯವಹಾರದ ಹೆಸರು ಮಾತ್ರ, ಅದರ ಹಿಂದೆ ಬದಲಾಗದ ಒಬ್ಬ ಒಡೆಯನಿಲ್ಲ ಎಂಬ ವಾದವಿದೆ. ಇದೇ ಅನಾತ್ಮವಾದ, ಅಂದರೆ ನಿತ್ಯವೂ ಸ್ವತಂತ್ರವೂ ಆದ ಆತ್ಮವೊಂದಿಲ್ಲವೆಂಬ ಸಿದ್ಧಾಂತ. ವಲಸೆ ಬಂದವರ ಬದುಕು ಈ ಸಿದ್ಧಾಂತವನ್ನು ಪುಸ್ತಕದಿಂದಿಳಿಸಿ ಅನುಭವಕ್ಕೆ ತರುತ್ತದೆ. ತನ್ನದೆಂದು ನಂಬಿದ್ದ ಎಷ್ಟೋ ಗುಣಗಳು, ಚತುರ ಮಾತು, ಹಾಸ್ಯ, ಅಧಿಕಾರ, ಕುಲದ ಹೆಮ್ಮೆ, ತನ್ನ ಊರಿನ ಕೇಳುಗರಿದ್ದಾಗಲಷ್ಟೇ ತನ್ನವಾಗಿದ್ದವು ಎಂಬುದು ಅರ್ಧ ತಿಳಿದ ಭಾಷೆಯಲ್ಲಿ ತೊದಲುವಾಗ ಸ್ಪಷ್ಟವಾಗುತ್ತದೆ.

ನಡುವೆ ಇರುವ ಮನುಷ್ಯ

ಈ ಅನುಭವಕ್ಕೆ ಆಧುನಿಕ ತತ್ತ್ವಶಾಸ್ತ್ರದ ರೂಪ ಕೊಟ್ಟವರಲ್ಲಿ ವಾತ್ಸುಜಿ ತೆತ್ಸುರೋ (1889–1960) ಪ್ರಮುಖರು. 1927ರಲ್ಲಿ ಹಡಗಿನಲ್ಲಿ ಯುರೋಪಿಗೆ ಹೊರಟ ಅವರು ದಾರಿಯುದ್ದಕ್ಕೂ ಮಳೆಮಾರುತದ ನಾಡುಗಳನ್ನೂ ಅರೇಬಿಯಾದ ಬೆಂಗಾಡನ್ನೂ ಮೆಡಿಟರೇನಿಯನ್ ಕಡಲ ಹಸಿರು ಬಯಲುಗಳನ್ನೂ ಕಂಡು, ಮನುಷ್ಯನನ್ನು ಕಾಲದ ದೃಷ್ಟಿಯಿಂದ ಮಾತ್ರ ನೋಡಿದರೆ ಸಾಲದು, ಅವನು ಬಾಳುವ ನೆಲ-ಗಾಳಿಗಳ ದೃಷ್ಟಿಯಿಂದಲೂ ನೋಡಬೇಕೆಂಬ ನಿಲುವಿಗೆ ಬಂದರು. ಆ ಚಿಂತನೆಯ ಫಲವಾದ ‘ಫೂದೊ’ 1935ರಲ್ಲಿ ಪ್ರಕಟವಾಯಿತು. ‘ಫೂದೊ’ ಎಂದರೆ ಗಾಳಿ ಮತ್ತು ಮಣ್ಣು, ಕನ್ನಡದಲ್ಲಿ ‘ಹವಾಗುಣ’ಕ್ಕಿಂತ ‘ನೀರು-ನೆಲದ ಗುಣ’ ಎನ್ನುವ ಮಾತು ಅದಕ್ಕೆ ಹೆಚ್ಚು ಹತ್ತಿರ. ಜಪಾನಿನ ಬದುಕಿನ ಈ ತತ್ತ್ವ ಪರಸ್ಥಳದಲ್ಲಿ ಪರಕೀಯರಾಗಿದ್ದವರೊಬ್ಬರ ಕಣ್ಣಿನಿಂದ ಮೂಡಿತೆಂಬುದು ಗಮನಿಸಬೇಕಾದ ಸಂಗತಿ.

ಮುಂದೆ ತಮ್ಮ ನೀತಿಶಾಸ್ತ್ರದ ಗ್ರಂಥದಲ್ಲಿ ವಾತ್ಸುಜಿಯವರು ಜಪಾನಿಯಲ್ಲಿ ಮನುಷ್ಯನನ್ನು ಸೂಚಿಸುವ ‘ನಿಂಗೆನ್’ ಎಂಬ ಪದವನ್ನು ಬಿಡಿಸಿ ತೋರಿಸಿದರು. ಆ ಪದದಲ್ಲಿ ಎರಡು ಅಕ್ಷರಗಳಿವೆ: ಮೊದಲನೆಯದಕ್ಕೆ ವ್ಯಕ್ತಿ ಎಂದೂ ಎರಡನೆಯದಕ್ಕೆ ‘ನಡುವೆ’ ಎಂದೂ ಅರ್ಥ. ಬೌದ್ಧ ಗ್ರಂಥಗಳ ಚೀನೀ ಅನುವಾದಗಳಲ್ಲಿ ‘ಮನುಷ್ಯಲೋಕ’ ಎಂಬ ಅರ್ಥದಲ್ಲಿದ್ದ ಈ ಪದ ಜಪಾನಿನಲ್ಲಿ ಒಬ್ಬ ಮನುಷ್ಯನನ್ನೂ ಸೂಚಿಸತೊಡಗಿದ್ದರಲ್ಲಿ ಅವರಿಗೆ ಒಂದು ಸತ್ಯ ಕಂಡಿತು: ಮೊದಲು ಮನುಷ್ಯನಿದ್ದು ಆಮೇಲೆ ಅವನು ಸಂಬಂಧಗಳನ್ನು ಕಟ್ಟಿಕೊಳ್ಳುವುದಿಲ್ಲ, ಮನುಷ್ಯ ಇರುವುದೇ ನಡುವೆ. ಈ ‘ನಡುವಣ ಇರವ’ನ್ನು ಅವರು ‘ಐದಾಗರಾ’ ಎಂದು ಕರೆದರು. ಇದರ ಬುಡದಲ್ಲಿರುವುದು ಎಲ್ಲವೂ ಪರಸ್ಪರ ಕಾರಣಗಳಿಂದ ಹುಟ್ಟುವುದರಿಂದ ಯಾವುದಕ್ಕೂ ಸ್ವಂತದ ತಿರುಳಿಲ್ಲ ಎಂದ ನಾಗಾರ್ಜುನನ ಶೂನ್ಯತಾ ವಿಚಾರ. ಶೂನ್ಯವೆಂದರೆ ಇಲ್ಲವೆಂಬುದಲ್ಲ, ಎಲ್ಲಕ್ಕೂ ಎಡೆ ಕೊಡುವ ತೆರವು ಎಂಬುದು ಅಲ್ಲಮನ ‘ಬಯಲು’ ಎಂಬ ಕಲ್ಪನೆಯೊಡನೆ ಬೆಳೆದ ಕನ್ನಡ ಮನಸ್ಸಿಗೆ ಬಿಡಿಸಿ ಹೇಳಬೇಕಾದುದಲ್ಲ.

ಈ ದೃಷ್ಟಿಯಿಂದ ನೋಡಿದರೆ ವಲಸೆ ಬಂದವರ ಸ್ಥಿತಿ ಒಂದು ಕೊರತೆಯಲ್ಲ. ಊರಿನಲ್ಲೇ ಉಳಿದವರೂ ನಡುವೆಯೇ ಇರುತ್ತಾರೆ, ಆದರೆ ಅಭ್ಯಾಸದ ಮಬ್ಬಿನಲ್ಲಿ ಅದು ಅವರಿಗೆ ಕಾಣುವುದಿಲ್ಲ. ಎರಡು ನೆಲಗಳ ನಡುವೆ ನಿಂತವರಿಗೆ ಮನುಷ್ಯ ಸ್ಥಿತಿಯ ಈ ಸತ್ಯ ಬೇರೆ ದಾರಿಯಿಲ್ಲದೆ ಕಾಣುತ್ತದೆ. ಮನೆಯನ್ನು ಬಿಟ್ಟು ಹೊರಡುವ ‘ಪ್ರವ್ರಜ್ಯೆ’ಯನ್ನು, ಜಪಾನಿಯಲ್ಲಿ ‘ಶುಕ್ಕೆ’ ಎಂದು ಕರೆಯುವ ಆ ಮನೆ ತೊರೆಯುವಿಕೆಯನ್ನು, ಬೌದ್ಧಧರ್ಮವು ಅರಿವಿನ ಮೊದಲ ಹೆಜ್ಜೆಯನ್ನಾಗಿಸಿದ್ದು ಇದೇ ಕಾರಣಕ್ಕೆ. ಸಂಬಳಕ್ಕಾಗಿ ಹೊರಟವರು ಸಂನ್ಯಾಸಿಗಳಲ್ಲ, ಅವರ ಹೊರಡುವಿಕೆಯಲ್ಲಿ ಆಸೆಯೂ ಅಗತ್ಯವೂ ಬೆರೆತಿರುತ್ತವೆ. ಆದರೂ ಮನೆ ಬಿಟ್ಟವರಿಗೆ ಮಾತ್ರ ಕಾಣುವ ಒಂದು ನೋಟ ಇಬ್ಬರಿಗೂ ಸಮಾನ.

ನಿರಹಂಕಾರವೇ, ಅಳಿಸಿಹಾಕುವಿಕೆಯೇ?

ಇಷ್ಟಕ್ಕೇ ನಿಂತರೆ ವಿಚಾರ ಅರ್ಧವಾಗುತ್ತದೆ. ‘ನಾನು’ ಎಂಬುದಿಲ್ಲ ಎಂಬ ಮಾತನ್ನು ಯಾರು, ಯಾರಿಗೆ ಹೇಳುತ್ತಿದ್ದಾರೆ ಎಂಬುದರ ಮೇಲೆ ಅದರ ನೈತಿಕ ಅರ್ಥ ಬದಲಾಗುತ್ತದೆ. ತನ್ನ ಅಹಂಕಾರವನ್ನು ತಾನೇ ಕರಗಿಸಿಕೊಳ್ಳುವುದು ಸಾಧನೆ. ಬಲವುಳ್ಳ ಗುಂಪೊಂದು ಬಲವಿಲ್ಲದವರಿಗೆ ‘ನಿನ್ನತನವನ್ನು ಬಿಡು’ ಎನ್ನುವುದು ದಬ್ಬಾಳಿಕೆ. ವಾತ್ಸುಜಿಯವರ ಚಿಂತನೆಯೂ ಈ ಎಡವಟ್ಟಿನಿಂದ ಪಾರಾಗಲಿಲ್ಲ. ವ್ಯಕ್ತಿಯು ಸಮುದಾಯವನ್ನು ನಿರಾಕರಿಸಿ ಸ್ವತಂತ್ರನಾಗುತ್ತಾನೆ, ಬಳಿಕ ಆ ಸ್ವಾತಂತ್ರ್ಯವನ್ನೂ ನಿರಾಕರಿಸಿ ಸಮುದಾಯಕ್ಕೆ ಮರಳುತ್ತಾನೆ ಎಂದು ಅವರು ವಿವರಿಸಿದ ಎರಡು ನಿರಾಕರಣೆಗಳ ಚಲನೆಯಲ್ಲಿ ಕೊನೆಯ ಮಾತು ಸಮುದಾಯಕ್ಕೇ ದಕ್ಕಿತು, ಯುದ್ಧದ ವರ್ಷಗಳಲ್ಲಿ ಆ ಸಮುದಾಯದ ಪರಮ ರೂಪವಾಗಿ ರಾಷ್ಟ್ರವೇ ನಿಂತಿತು. ವ್ಯಕ್ತಿಯ ಅಹಂಕಾರವನ್ನು ಕರಗಿಸಿ ಗುಂಪಿನ ಅಹಂಕಾರವನ್ನು ಹಾಗೆಯೇ ಉಳಿಸಿದರೆ ಅದು ಅನಾತ್ಮವಾದವಲ್ಲ. ಬುದ್ಧನ ಬೋಧನೆಯ ಪ್ರಕಾರ ವ್ಯಕ್ತಿಗೆ ನಿತ್ಯವಾದ ತಿರುಳಿಲ್ಲದಿದ್ದರೆ ಕುಲಕ್ಕೂ ಇಲ್ಲ, ಕಂಪನಿಗೂ ಇಲ್ಲ, ರಾಷ್ಟ್ರಕ್ಕೂ ಇಲ್ಲ.

ಈ ಭೇದವನ್ನು ಅರಿಯಲು ‘ಸೆಕೆನ್’ ಎಂಬ ಪದ ನೆರವಾಗುತ್ತದೆ. ಸಂಸ್ಕೃತದ ‘ಲೋಕ’ ಎಂಬುದಕ್ಕೆ ಚೀನೀ ಅನುವಾದಕರು ಆರಿಸಿದ ಈ ಪದ ಬೌದ್ಧ ಗ್ರಂಥಗಳಲ್ಲಿ ಅನಿತ್ಯವಾದ ಈ ಪ್ರಪಂಚವನ್ನು ಸೂಚಿಸುತ್ತಿತ್ತು. ದಿನಬಳಕೆಯ ಜಪಾನಿಯಲ್ಲಿ ಅದು ಸುತ್ತಲಿನ ಜನರ ಕಣ್ಣು, ಅವರ ಬಾಯಿ, ಅವರ ಮೆಚ್ಚುಗೆ-ತಿರಸ್ಕಾರಗಳ ಅರ್ಥ ಪಡೆಯಿತು. ಕನ್ನಡದಲ್ಲಿ ‘ಲೋಕ ಏನನ್ನುತ್ತದೆ’, ‘ನಾಲ್ಕು ಜನ ಏನಂದಾರು’ ಎಂಬ ಮಾತುಗಳಲ್ಲಿರುವ ಲೋಕವೂ ಇದೇ. ಬಿಟ್ಟು ಹೋಗಬೇಕಾದುದೆಂದು ಧರ್ಮ ಹೇಳಿದ ಲೋಕವೇ ಎರಡೂ ಕಡೆ ಒಳಗಾಗಬೇಕಾದ ನ್ಯಾಯಪೀಠವಾಯಿತು. ಇತಿಹಾಸಕಾರ ಅಬೆ ಕಿನ್ಯಾ ಅವರು ಜಪಾನಿನ ಮನುಷ್ಯ ಸಂಬಂಧಗಳನ್ನು ಅರಿಯಲು ‘ಸಮಾಜ’ ಎಂಬ ಹೊಸ ಅನುವಾದಪದಕ್ಕಿಂತ ಈ ಹಳೆಯ ‘ಸೆಕೆನ್’ ಹೆಚ್ಚು ಸಹಾಯಕವೆಂದು ತೋರಿಸಿದರು. ಹೊಸದಾಗಿ ನೆಲೆಸಿದವರು ಕಸವನ್ನು ದಿನಕ್ಕೊಂದು ಬಗೆಯಂತೆ ಬೇರ್ಪಡಿಸಿ ಇಡುವುದರಿಂದ ಹಿಡಿದು ರೈಲಿನಲ್ಲಿ ಫೋನ್ ಎತ್ತದಿರುವವರೆಗೆ ಕಲಿಯುವ ನಿಯಮಗಳಲ್ಲಿ ಹಲವು ಬಾಯಿಬಿಟ್ಟು ಹೇಳಿದವಲ್ಲ. ಅವು ಸೆಕೆನ್‌ನ ಮೌನದಲ್ಲಿರುವಂಥವು. ಪರರಿಗೆ ತೊಂದರೆ ಕೊಡಬಾರದೆಂಬ ಕಾಳಜಿ ಆ ಮೌನದಲ್ಲಿದೆ, ಅದು ನಿಜವಾದ ಧರ್ಮವೇ. ಆದರೆ ಹೇಳದೆಯೇ ತಪ್ಪೆಂದು ತೀರ್ಮಾನಿಸುವ ಕಠೋರತೆಯೂ ಅದೇ ಮೌನದಲ್ಲಿ ಅಡಗಿದೆ.

ಗೆರೆಯ ಕಠೋರತೆಯನ್ನು ಎಲ್ಲರಿಗಿಂತ ಹೆಚ್ಚು ಅನುಭವಿಸಿದವರು ಇತ್ತೀಚೆಗೆ ಬಂದ ಇಂಜಿನಿಯರುಗಳಲ್ಲ. 1910ರಲ್ಲಿ ಜಪಾನ್ ಕೊರಿಯಾವನ್ನು ವಶಪಡಿಸಿಕೊಂಡ ಮೇಲೆ ಅಲ್ಲಿಂದ ಬಂದ, ತರಲ್ಪಟ್ಟ ಜನರು ಮೊದಲು ಸಾಮ್ರಾಜ್ಯದ ಪ್ರಜೆಗಳೆನಿಸಿಕೊಂಡು, 1952ರಲ್ಲಿ ಒಮ್ಮೆಲೇ ಪರದೇಶಿಗಳಾದರು. ಅವರ ಮೊಮ್ಮಕ್ಕಳು ಜಪಾನಿನಲ್ಲೇ ಹುಟ್ಟಿ, ಜಪಾನಿಯಲ್ಲೇ ಕನಸು ಕಂಡರೂ, ಪೌರತ್ವವು ಹುಟ್ಟಿದ ನೆಲದಿಂದ ಬರದೆ ರಕ್ತಸಂಬಂಧದಿಂದ ಬರುವ ಕಾನೂನಿನ ದೆಸೆಯಿಂದ, ಪೌರತ್ವ ಬದಲಿಸಿಕೊಳ್ಳದವರು ವಿದೇಶೀಯರೆಂದೇ ದಾಖಲಾಗುತ್ತಾರೆ. ಅವರನ್ನು ಸೂಚಿಸುವ ‘ಝೈನಿಚಿ’ ಎಂಬ ಪದದ ಅರ್ಥ ‘ಜಪಾನಿನಲ್ಲಿ ಇರುವವರು’ ಎಂದಷ್ಟೇ. ನಾಲ್ಕು ತಲೆಮಾರು ಕಳೆದರೂ ಇರುವವರು, ಸೇರಿದವರಲ್ಲ. ಎಲ್ಲವೂ ಪರಸ್ಪರಾವಲಂಬಿ ಎಂದು ನಂಬುವ ಯಾವ ಸಮಾಜವೂ ಈ ಸ್ಥಿತಿಯ ಮುಂದೆ ನೆಮ್ಮದಿಯಿಂದಿರಲು ಸಾಧ್ಯವಿಲ್ಲ, ಇರಬಾರದು. ಜಾತಿಯ ಹೆಸರಿನಲ್ಲಿ ತನ್ನವರನ್ನೇ ಊರ ಹೊರಗಿಟ್ಟ ನಾಡಿನಿಂದ ಬಂದವರು ಈ ಮಾತನ್ನು ಜಪಾನಿಗೆ ಹೇಳುವಾಗ ತಮಗೂ ಹೇಳಿಕೊಳ್ಳಬೇಕಾಗುತ್ತದೆ.

ಕೆಲಸವೆಂಬ ಸಾಧನೆ

ಹೊರಗಿನವರು ಒಳಗಿನ ಬದುಕಿನಲ್ಲಿ ಮೊದಲು ಪಾಲು ಪಡೆಯುವುದು ಕೆಲಸದ ಮೂಲಕ. ಜಪಾನಿನ ದುಡಿಮೆಯ ಶ್ರದ್ಧೆಯ ಹಿಂದೆ ಒಂದು ಧಾರ್ಮಿಕ ಪರಂಪರೆಯಿದೆ. ಸೋತೋ ಝೆನ್ ಪಂಥದ ಸ್ಥಾಪಕ ದೋಗೆನ್ (1200–1253) 1223ರಲ್ಲಿ ಚೀನಾಕ್ಕೆ ಹೋದಾಗ ಕೂಡಲೇ ಮಠ ಸೇರಲಾಗದೆ ಬಂದರಿನಲ್ಲಿ ಹಡಗಿನ ಮೇಲೆಯೇ ಕಾಯುತ್ತಿದ್ದನು. ಅಲ್ಲಿಗೆ ಅಡುಗೆಯ ಸಾಮಾನು ಕೊಳ್ಳಲು ದೂರದ ಮಠದಿಂದ ನಡೆದುಬಂದ ಒಬ್ಬ ಮುದಿ ಭಿಕ್ಷು, ಉಳಿದು ಮಾತಾಡಬಾರದೇ ಎಂಬ ಕೋರಿಕೆಯನ್ನು ಒಪ್ಪದೆ, ನಾಳೆಯ ಅಡುಗೆ ತನ್ನ ಹೊಣೆಯೆಂದು ಹೊರಟುನಿಂತನು. ಈ ವಯಸ್ಸಿನಲ್ಲಿ ಧ್ಯಾನ-ಅಧ್ಯಯನಗಳನ್ನು ಬಿಟ್ಟು ಅಡುಗೆಗೇಕೆ ಒದ್ದಾಡಬೇಕು ಎಂದು ಕೇಳಿದ ತರುಣನಿಗೆ ಆ ಮುದುಕ ನಕ್ಕು, ಪರದೇಶದಿಂದ ಬಂದ ಒಳ್ಳೆಯ ಮನುಷ್ಯನೇ, ಸಾಧನೆ ಎಂದರೇನೆಂದು ನಿನಗಿನ್ನೂ ತಿಳಿದಿಲ್ಲ ಎಂಬರ್ಥದ ಮಾತು ಹೇಳಿದನೆಂದು ದೋಗೆನ್ ಮುಂದೆ ಮಠದ ಅಡುಗೆಯವರಿಗಾಗಿ ಬರೆದ ಗ್ರಂಥದಲ್ಲಿ ನೆನೆಯುತ್ತಾನೆ. ಜಪಾನಿನ ಧರ್ಮಚಿಂತನೆಯ ಒಂದು ದೊಡ್ಡ ಪಾಠ ಪರದೇಶಿಯೊಬ್ಬ ಬಂದರಿನ ಅಂಚಿನಲ್ಲಿ, ಮಠದೊಳಗೆ ಕಾಲಿಡುವ ಮೊದಲೇ, ಅಡುಗೆಯವನಿಂದ ಕಲಿತ ಪಾಠವಾಗಿದೆ.

ಕ್ಷತ್ರಿಯ ವೃತ್ತಿಯನ್ನು ಬಿಟ್ಟು ಭಿಕ್ಷುವಾದ ಸುಝುಕಿ ಶೋಸಾನ್ (1579–1655) ಈ ವಿಚಾರವನ್ನು ಮಠದಿಂದ ಹೊರತಂದು, ರೈತ ಗದ್ದೆಯಲ್ಲಿ, ಕುಶಲಕರ್ಮಿ ಕಮ್ಮಟದಲ್ಲಿ, ವ್ಯಾಪಾರಿ ಅಂಗಡಿಯಲ್ಲಿ ಮಾಡುವ ಕೆಲಸವೇ ಬುದ್ಧಸಾಧನೆ ಎಂದು ಬೋಧಿಸಿದನು. ಹನ್ನೆರಡನೆಯ ಶತಮಾನದ ಶರಣರ ‘ಕಾಯಕ’ವನ್ನು ಬಲ್ಲವರಿಗೆ ಈ ಮಾತು ಆಪ್ತವಾಗಿ ಕೇಳಿಸುತ್ತದೆ. ಆದರೆ ಶರಣರ ಕಾಯಕ ಒಂಟಿಯಾಗಿರಲಿಲ್ಲ. ಅದಕ್ಕೆ ‘ದಾಸೋಹ’ ಎಂಬ ಜೊತೆಯಿತ್ತು, ಅಂದರೆ ದುಡಿದುದನ್ನು ಹಂಚಿ ಉಣ್ಣುವ, ನೀಡುವವನಿಗೂ ಪಡೆಯುವವನಿಗೂ ನಡುವೆ ಮೇಲು-ಕೀಳನ್ನು ಅಳಿಸುವ ನಿಯಮವಿತ್ತು. ಶೋಸಾನನ ಬೋಧನೆಯಾದರೋ ನಾಲ್ಕು ವರ್ಗಗಳ ವ್ಯವಸ್ಥೆಯನ್ನು ಹಾಗೆಯೇ ಇರಗೊಟ್ಟು ಪ್ರತಿಯೊಬ್ಬನೂ ತನ್ನ ಪಾಲಿಗೆ ಬಂದುದರಲ್ಲಿ ಮುಕ್ತಿಯನ್ನು ಕಾಣಲಿ ಎಂದಿತು. ಈ ಒಂದು ಅಂತರ ಇಂದಿನ ಕಾರ್ಖಾನೆ, ಕಚೇರಿಗಳವರೆಗೂ ಮುಖ್ಯವಾಗುತ್ತದೆ. ಕೆಲಸವೇ ಪೂಜೆಯಾದಾಗ ಆ ಪೂಜೆಯ ಫಲ ಯಾರಿಗೆ, ಪೂಜಾರಿಯ ದೇಹವನ್ನು ಕಾಯುವವರು ಯಾರು ಎಂದು ಕೇಳದೆ ಹೋದರೆ, ಅತಿಯಾದ ದುಡಿಮೆಯಿಂದ ಸಂಭವಿಸುವ ಸಾವಿಗೆ ‘ಕರೋಶಿ’ ಎಂಬ ಹೆಸರನ್ನೇ ಇಡಬೇಕಾಗುತ್ತದೆ. ಜಪಾನ್ ತಾನೇ ಈ ಪ್ರಶ್ನೆಯನ್ನು ಕೇಳಿಕೊಂಡು 2014ರಲ್ಲಿ ಕರೋಶಿಯನ್ನು ತಡೆಯುವ ಕಾನೂನನ್ನೂ, 2018ರಲ್ಲಿ ಹೆಚ್ಚುವರಿ ದುಡಿಮೆಗೆ ತಿಂಗಳಿಗೆ 45 ಗಂಟೆಗಳ ಸಾಮಾನ್ಯ ಮಿತಿಯಿಟ್ಟ ಕಾನೂನನ್ನೂ ಮಾಡಿತು. ಕೌಶಲ ಕಲಿಸುವ ಹೆಸರಿನಲ್ಲಿ 1993ರಲ್ಲಿ ಆರಂಭವಾಗಿ, ಬಂದವರು ಮಾಲೀಕರನ್ನು ಬದಲಿಸಲಾಗದಂತೆ ಕಟ್ಟಿಹಾಕಿದ್ದ ತಾಂತ್ರಿಕ ತರಬೇತಿ ಯೋಜನೆಯನ್ನು ಕೊನೆಗಾಣಿಸಲು 2024ರಲ್ಲಿ ಶಾಸನವಾಯಿತು. ದಾಸೋಹವಿಲ್ಲದ ಕಾಯಕ ಕ್ರಮೇಣ ಜೀತವಾಗುತ್ತದೆ ಎಂಬ ಅರಿವು ಈ ತಿದ್ದುಪಡಿಗಳಲ್ಲಿ ತಡವಾಗಿಯಾದರೂ ಮೂಡಿದೆ.

ಎನ್: ಅಂಚೂ ಹೌದು, ನಂಟೂ ಹೌದು

ಹಾಗಾದರೆ ನೆಲೆಸಲು ಬಂದವರಿಗೆ ಉಳಿಯುವ ದಾರಿ ಯಾವುದು? ಪೂರ್ತಿ ಒಳಗಿನವರಾಗಲು ತಮ್ಮನ್ನು ಅಳಿಸಿಕೊಳ್ಳುವುದೂ, ಹೊರಗಿನವರಾಗಿಯೇ ಉಳಿದು ಸಂಬಳದ ದಿನವನ್ನಷ್ಟೇ ಎಣಿಸುವುದೂ ಎರಡು ತುದಿಗಳು. ಇವೆರಡರ ನಡುವಿನ ಮಾರ್ಗವನ್ನು ತೋರುವ ಪದವೊಂದು ಜಪಾನಿಯಲ್ಲೇ ಇದೆ: ‘ಎನ್’. ಬೌದ್ಧ ಪರಿಭಾಷೆಯ ‘ಪ್ರತ್ಯಯ’, ಅಂದರೆ ಒಂದು ಘಟನೆ ಒದಗಿಬರಲು ನೆರವಾಗುವ ಕಾರಣ, ಎಂಬುದನ್ನು ಸೂಚಿಸುವ ಈ ಪದ ಮಾತಿನಲ್ಲಿ ಮನುಷ್ಯರನ್ನು ಒಟ್ಟುಗೂಡಿಸುವ ಕಾಣದ ನಂಟಿನ ಅರ್ಥ ಪಡೆದಿದೆ. ದಾರಿಯಲ್ಲಿ ಇಬ್ಬರ ಅಂಗಿಯ ತೋಳುಗಳು ತಾಗಿದರೂ ಅದು ಜನ್ಮಾಂತರದ ಎನ್ ಎಂಬ ಭಾವದ ಗಾದೆ ಅಲ್ಲಿದೆ. ಕನ್ನಡದಲ್ಲಿ ಇದನ್ನೇ ‘ಋಣಾನುಬಂಧ’ ಎನ್ನುತ್ತಾರೆ. ದೇಗುಲದ ಕಾಣಿಕೆ ಪೆಟ್ಟಿಗೆಗೆ ಐದು ಯೆನ್ನಿನ ನಾಣ್ಯವನ್ನು ಹಾಕುವುದು ಶುಭವೆಂದು ಜಪಾನಿಗರು ಎಣಿಸುವುದು ಕೂಡ ‘ಗೊ-ಎನ್’ ಎಂಬ ಸದ್ದಿನಲ್ಲಿ ಐದು ಯೆನ್ ಮತ್ತು ಒಳ್ಳೆಯ ನಂಟು ಎಂಬ ಎರಡೂ ಅರ್ಥಗಳು ಕೇಳಿಸುವುದರಿಂದ.

ಈ ಪದವನ್ನು ಬರೆಯುವ ಅಕ್ಷರದ ಎಡಭಾಗದಲ್ಲಿರುವುದು ನೂಲಿನ ಚಿಹ್ನೆ. ಅದೇ ಅಕ್ಷರಕ್ಕೆ ‘ಅಂಚು’ ಎಂಬ ಇನ್ನೊಂದು ಅರ್ಥವೂ ಇದೆ. ಹಳೆಯ ಜಪಾನಿ ಮನೆಗಳಲ್ಲಿ ಕೋಣೆಗೂ ತೋಟಕ್ಕೂ ನಡುವೆ ಹಾಯುವ ಮರದ ಹಲಗೆಯ ಪಡಸಾಲೆಯನ್ನು ಇದೇ ಅಕ್ಷರದಿಂದ ‘ಎನ್‌ಗಾವಾ’ ಎಂದು ಬರೆಯುತ್ತಾರೆ. ನೆರೆಯವರು ಗೆನ್‌ಕಾನಿನಲ್ಲಿ ಚಪ್ಪಲಿ ಕಳಚದೆಯೇ ತೋಟದ ಕಡೆಯಿಂದ ಬಂದು ಅದರ ಅಂಚಿನಲ್ಲಿ ಕುಳಿತು ಚಹಾ ಕುಡಿದು ಹೋಗುವ ಜಾಗ ಅದು. ಕರ್ನಾಟಕದ ಮನೆಗಳ ಜಗಲಿಯೂ ಇಂಥದೇ. ದಾರಿಹೋಕನಿಗೆ ನೀರು-ಬೆಲ್ಲ ಸಿಗುತ್ತಿದ್ದುದು, ನ್ಯಾಯ ತೀರ್ಮಾನವಾಗುತ್ತಿದ್ದುದು, ರಾತ್ರಿ ತಂಗುವ ಪರಸ್ಥಳದವರಿಗೆ ಚಾಪೆ ಹಾಸುತ್ತಿದ್ದುದು ಜಗಲಿಯಲ್ಲೇ. ಜಗಲಿಯಲ್ಲಿ ಕುಳಿತವರು ಒಳಗಿನವರೂ ಅಲ್ಲ, ಹೊರಗಿನವರೂ ಅಲ್ಲ. ಆದರೆ ಮನೆಗೂ ಲೋಕಕ್ಕೂ ಮಾತು ನಡೆಯುವುದು ಅವರ ಮೂಲಕ. ಅಂಚು ಮತ್ತು ನಂಟು ಎಂಬ ಎರಡು ಅರ್ಥಗಳನ್ನು ಒಂದೇ ಅಕ್ಷರ ಹೊರುವುದರಲ್ಲಿ ಈ ಪ್ರಬಂಧದ ಪ್ರಶ್ನೆಗೆ ಉತ್ತರದ ಸುಳಿವಿದೆ: ಅಂಚಿನಲ್ಲಿರುವುದು ಒಳಗೆ ಹೋಗಲಾಗದವರ ಸೋಲಲ್ಲ, ಎರಡನ್ನು ಹೊಲಿಯುವ ನೂಲು ಹಾಯುವುದೇ ಅಂಚಿನಲ್ಲಿ.

ಹೀಗೆ ಹೊಲಿದವರ ನಿದರ್ಶನಗಳು ಇತಿಹಾಸದಲ್ಲಿವೆ. 1890ರಲ್ಲಿ ಜಪಾನಿಗೆ ಬಂದ ಲೇಖಕ ಲಫ್ಕಾಡಿಯೊ ಹರ್ನ್ ಹೆಂಡತಿಯ ಮನೆತನದ ಹೆಸರನ್ನು ಪಡೆದು 1896ರಲ್ಲಿ ಕೊಯ್ಝುಮಿ ಯಾಕುಮೊ ಎಂಬ ಜಪಾನಿ ಪ್ರಜೆಯಾದರು. ಹೆಂಡತಿ ಹೇಳಿದ ಕಥೆಗಳನ್ನು ಅವರು ಇಂಗ್ಲಿಷಿನಲ್ಲಿ ಬರೆದರು, ಆ ಕಥೆಗಳು ಜಪಾನಿಗೆ ಅನುವಾದಗೊಂಡು ಮರಳಿ ಅಲ್ಲಿನ ಮಕ್ಕಳ ಬಾಯಿಗೆ ಬಂದವು. ಬ್ರಿಟಿಷರಿಂದ ತಪ್ಪಿಸಿಕೊಂಡು 1915ರಲ್ಲಿ ಟೋಕಿಯೋ ಸೇರಿದ ಭಾರತೀಯ ಕ್ರಾಂತಿಕಾರಿ ರಾಸ್‌ಬಿಹಾರಿ ಬೋಸರಿಗೆ ಆಸರೆ ಕೊಟ್ಟಿದ್ದು ‘ನಾಕಾಮುರಾಯಾ’ ಎಂಬ ಬೇಕರಿಯ ಕುಟುಂಬ. ಆ ಮನೆಯ ಮಗಳನ್ನು ವರಿಸಿ, 1923ರಲ್ಲಿ ಜಪಾನಿನ ಪ್ರಜೆಯಾದ ಬಳಿಕವೂ ಭಾರತದ ಬಿಡುಗಡೆಗಾಗಿಯೇ ಅವರು ಬಾಳಿದರು. ಒಂದು ನೆಲದ ಋಣ ಇನ್ನೊಂದರ ಋಣವನ್ನು ಅಳಿಸುವುದಿಲ್ಲ ಎಂಬುದಕ್ಕೆ ಆ ಬಾಳು ಸಾಕ್ಷಿ. 2011ರ ಮಾರ್ಚ್ 11ರ ಭೂಕಂಪ ಮತ್ತು ಸುನಾಮಿಯ ನಂತರ ಅನೇಕ ವಿದೇಶೀಯರು ದೇಶ ಬಿಡುತ್ತಿದ್ದಾಗ, ಜಪಾನಿ ಸಾಹಿತ್ಯದ ಅಮೆರಿಕನ್ ವಿದ್ವಾಂಸ ಡೊನಾಲ್ಡ್ ಕೀನ್ ತಮ್ಮ ಇಳಿವಯಸ್ಸಿನಲ್ಲಿ ಅಲ್ಲಿಯೇ ನೆಲೆಸಲು ನಿರ್ಧರಿಸಿ 2012ರಲ್ಲಿ ಆ ದೇಶದ ಪ್ರಜೆಯಾದರು. ಸುಖದಲ್ಲಿ ಪಾಲು ಕೇಳುವವರು ಅತಿಥಿಗಳು, ದುಃಖದಲ್ಲಿ ಪಾಲು ಪಡೆಯುವವರು ನೆಂಟರು.

ಇವರೆಲ್ಲರಿಗಿಂತ ಹಿಂದೆ, 736ರಲ್ಲಿ, ಬೋಧಿಸೇನನೆಂಬ ಭಾರತೀಯ ಭಿಕ್ಷು ಚೀನಾದ ಮೂಲಕ ಜಪಾನನ್ನು ತಲುಪಿದನು. ನಾರಾ ನಗರದ ಬಳಿಯ ಗುಡ್ಡವೊಂದು ಅವನಿಗೆ ಬುದ್ಧ ಉಪದೇಶ ಮಾಡಿದ ಗೃಧ್ರಕೂಟದಂತೆ ಕಂಡಿತೆಂದೂ, ಅಲ್ಲಿನ ರ್‍ಯೋಸೆಂಜಿ ದೇಗುಲಕ್ಕೆ ಅದರಿಂದಲೇ ಆ ಹೆಸರು ಬಂತೆಂದೂ ಪರಂಪರೆ ಹೇಳುತ್ತದೆ. ಪರದೇಶದ ಮಣ್ಣಿನಲ್ಲಿ ತನ್ನ ನೆಲದ ಬೆಟ್ಟವನ್ನು ಕಾಣುವ ಆ ಕಣ್ಣು ದೂರ ದೇಶದಲ್ಲಿ ನೆಲೆಸಿದ ಯಾರಿಗೂ ಅರ್ಥವಾಗುವಂಥದು. 752ರಲ್ಲಿ ತೋದಾಯ್‌ಜಿ ದೇಗುಲದ ಮಹಾಬುದ್ಧನ ಕಂಚಿನ ವಿಗ್ರಹಕ್ಕೆ ಕಣ್ಣು ತೆರೆಸುವ ವಿಧಿ, ಅಂದರೆ ನೇತ್ರೋನ್ಮೀಲನ, ನಡೆದಾಗ ವಿಗ್ರಹದ ಕಣ್ಣಿಗೆ ಕುಂಚವಿಡುವ ಅಧಿಕಾರವನ್ನು ಆ ರಾಜ್ಯ ಕೊಟ್ಟಿದ್ದು ಈ ಹೊರಗಿನವನಿಗೆ. ಅವನು ಹಿಡಿದ ಕುಂಚಕ್ಕೆ ಉದ್ದವಾದ ನೂಲುಗಳನ್ನು ಕಟ್ಟಲಾಗಿತ್ತು, ಕೆಳಗೆ ನೆರೆದವರು ಅವುಗಳನ್ನು ಕೈಯಲ್ಲಿ ಹಿಡಿದಿದ್ದರು. ಕುಂಚ ಅಲುಗಿದಾಗ ಎಲ್ಲರ ಕೈಗಳೂ ಅಲುಗಿ, ಎಲ್ಲರೂ ಸೇರಿ ಬುದ್ಧನ ಕಣ್ಣನ್ನು ತೆರೆದಂತಾಯಿತು. ಆ ಕುಂಚವೂ ನೂಲೂ ನಾರಾದ ಶೋಸೋಯಿನ್ ಭಂಡಾರದಲ್ಲಿ ಇಂದಿಗೂ ಉಳಿದಿವೆ. ಬೋಧಿಸೇನ 760ರಲ್ಲಿ ತೀರಿಕೊಂಡನು, ಮರಳಿ ಭಾರತಕ್ಕೆ ಬರಲಿಲ್ಲ. ಅವನು ಜಪಾನಿಗನಾದನೇ, ಭಾರತೀಯನಾಗಿಯೇ ಉಳಿದನೇ ಎಂಬ ಪ್ರಶ್ನೆಗೆ ಆ ನೂಲಿನ ಯಾವ ತುದಿಯಲ್ಲೂ ಉತ್ತರವಿಲ್ಲ. ಕುಂಚ ಹಿಡಿದ ಕೈಗೂ ನೂಲು ಹಿಡಿದ ಕೈಗಳಿಗೂ ನಡುವೆ ಬಿಗಿಯಾಗಿ ನಿಂತಿದ್ದ ಎಳೆಯಲ್ಲೇ ಅವನಿದ್ದನು.